ನೂರಹದಿಮೂರನೆಯ ಪುಟ

೭-೭-೨೦೦೭, ಶನಿವಾರ. ಸಂಜೆ ೬

ತುಮಕೂರಿನ ಮಂಡಿಪೇಟೆಯಲ್ಲಿ ಲೈನಿಂಗ್ ಬಟ್ಟೆ, ಫಾಲ್ಸು, ಹುಕ್ಕು ತೆಗೆದುಕೊಂಡಿದ್ದಾಯಿತು. ಗುಬ್ಬಿ ಬಸ್ಸು ನಿಂತಿತ್ತು. ಹತ್ತಲಿಲ್ಲ. ಮತ್ತೆ ಸೈಬರ್‌ಗೆ ಹೋದೆ — ಇದು ಮೂರನೇ ಶನಿವಾರ. ಪುಸ್ತಕದ ಗ್ರೂಪ್‌ಗೆ ಸೇರಿಸಿಕೊಂಡಿದ್ದಾರೆ! ಕುಣಿಗಲ್‌ನ ಕಾಂತೇಶ್ ಅನ್ನುವ ಮೇಷ್ಟರು ನಡೆಸುವುದು. ನಲವತ್ತೊಂದು ಜನ. ಒಬ್ಬರ ಮುಖವೂ ಗೊತ್ತಿಲ್ಲ. ಎಲ್ಲ ಮೇಲ್‌ನಲ್ಲೇ ಮಾತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಾರೆ, ಓದುವಷ್ಟರಲ್ಲಿ ಕಣ್ಣು ಹೊರಗೆ ಬರುತ್ತದೆ.

ಹೆಸರು ಕೇಳಿತು. ಹೇಮಶ್ರೀ ಅಂತ ಹೊಡೆದೆ. ಯಾಕೆ ಹಾಗೆ ಮಾಡಿದೆನೋ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಆಗಲೇ ಒಬ್ಬಳು ಹೇಮಶ್ರೀ ಇದ್ದಳು, ನಾದಿನಿ. ಇಬ್ಬರು ಬೇಡವೆಂದು ನನ್ನನ್ನು ರಂಗಲಕ್ಷ್ಮಿ ಮಾಡಿದರು. ಹತ್ತೊಂಬತ್ತು ವರ್ಷವಾಯಿತು. ಇವರಿಗೆ ಹೇಳಿದರೆ ನಗು. “ಯಾರೇ ಅವ್ಳು ಇನ್ನೊಬ್ಳು ಹೇಮಶ್ರೀ? ನಮ್ಮನೆ ಬಾಡಿಗೆಗೆ ಬಂದವ್ಳಾ?”

೧೪-೭-೨೦೦೭

ಇಷ್ಟವಾದ ಪುಸ್ತಕದ ಬಗ್ಗೆ ಎಲ್ಲರೂ ಬರೆಯಬೇಕಂತೆ. ನನಗೆ ಒಂದೇ ಹೊಳೆದದ್ದು — ಅಪ್ಪ ಹಸಿರು ರಟ್ಟು ಹಾಕಿದ ಕಾದಂಬರಿ. ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಅಪ್ಪ ಲೈಬ್ರರಿಯ ಹರಿದ ಪುಸ್ತಕಗಳನ್ನು ಮನೆಗೆ ತಂದು ಹೊಲಿದು ಕಟ್ಟುತ್ತಿದ್ದರು. ವಾಪಸ್ ಹೋಗುವುದರೊಳಗೆ ನಾನು ಓದಿ ಮುಗಿಸಬೇಕು. ಓದಿದ್ದೆಲ್ಲ ಹಾಗೆ, ಮೈದಾ ಅಂಟು ಒಣಗುವಷ್ಟು ಹೊತ್ತಿನಲ್ಲಿ. ಈ ಹಸಿರು ರಟ್ಟಿನದನ್ನು ಹಳೆಯದಾಯಿತೆಂದು ಲೈಬ್ರರಿಯವರು ತೆಗೆದುಹಾಕಿದಾಗ ಅಪ್ಪ ನನಗೇ ತಂದುಕೊಟ್ಟರು.

ಒಂದೂವರೆ ಗಂಟೆ ಕುಟ್ಟಿದೆ. ಪದ್ಮ ಓದಬೇಕು ಅನ್ನುವ ಹುಡುಗಿ. ಅಪ್ಪ ಮದುವೆ ಗೊತ್ತುಮಾಡುತ್ತಾನೆ. ಗಂಡನ ಮನೆಯಲ್ಲಿ ಅವಳು ವಸುಮತಿಯಾಗುತ್ತಾಳೆ. ಹಿಂಸೆ ತಡೆದು ತಡೆದು, ಕೊನೆಗೊಂದು ಹೊಲಿಗೆ ಮಷೀನ್ ಹೊತ್ತು ಬೇರೆ ಮನೆ ಮಾಡುತ್ತಾಳೆ. ಅವಳನ್ನು ನೋಡಿಯೇ ನಾನೂ ಮಷೀನ್ ಕಲಿತದ್ದು — ಅದನ್ನೂ ಬರೆದೆ. ಕಳಿಸಿದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಮ್ಮ ಹೋದ ಮೇಲೆ ನಮ್ಮಲ್ಲೇ ಇದ್ದಾರೆ. ಎಷ್ಟು ಖುಷಿ! “ನಾನ್ ಕಟ್ಟಿದ್ದು ಅಂತ ಬರದ್ಯೇನವ್ವ?” ಬರೆದಿರಲಿಲ್ಲ. ಹೂಂ ಅಂದೆ.

೨೧-೭-೨೦೦೭

ಏನೂ ಅರ್ಥವಾಗುತ್ತಿಲ್ಲ.

ಹನ್ನೊಂದು ಜನ ಚೆನ್ನಾಗಿ ಬರೆದಿದ್ದೀರಿ ಅಂದಿದ್ದಾರೆ. ಕಾಂತೇಶ್ ಮೇಷ್ಟರು, ‘ನಿಮ್ಮಂಥವರಿಗಾಗಿಯೇ ಈ ಗ್ರೂಪ್’ ಅಂತ. ಅದನ್ನು ನಾಲ್ಕು ಸಲ ಓದಿದೆ. ಅದರ ಕೆಳಗೆ ಹೆಬ್ಬೂರಿನ ಅಂಜನಮೂರ್ತಿಯವರದು. ರಿಟೈರ್ಡ್ ಹೆಡ್‌ಮಾಸ್ಟರ್. ಅವರ ಹತ್ತಿರ ಅದೇ ಕಾದಂಬರಿ ಇದೆಯಂತೆ. ‘ಮೇಡಂ, ಪದ್ಮ ಚಪ್ಪರದ ದಿನವೇ ಮನೆ ಬಿಟ್ಟು ಹೋಗಿ ಟೀಚರ್ ಆಗುತ್ತಾಳೆ. ಮದುವೆಯೇ ಆಗುವುದಿಲ್ಲ. ವಸುಮತಿ ಯಾರು?’

ವಸುಮತಿ ಯಾರು ಅಂದರೆ? ಪದ್ಮ ತಾನೆ?

೨೨-೭-೨೦೦೭, ಭಾನುವಾರ. ಮಧ್ಯಾಹ್ನ

ಹಸಿರು ರಟ್ಟಿನ ಪುಸ್ತಕ ತೆಗೆದು ಕಿಟಕಿಯ ಹತ್ತಿರ ಕೂತೆ. ಪುಟ ೧೧೨ — ಪದ್ಮ ಅರಿಸಿನದ ನೀರು ಹೊಯ್ಯಿಸಿಕೊಳ್ಳುತ್ತಾಳೆ. ಪುಟ ೧೧೩ — ವಸುಮತಿ ಅತ್ತೆಯ ಅಂಗಳ ಸಾರಿಸುತ್ತಿದ್ದಾಳೆ. ಪುಟದ ಮೇಲೆ ನಂಬರ್ ಮಾತ್ರ, ಕಾದಂಬರಿಯ ಹೆಸರಿಲ್ಲ. ೧೧೩ರಿಂದ ಅಕ್ಷರ ಒಂಚೂರು ಸಣ್ಣ. ಕಾಗದವೂ ಬೇರೆ ಬಣ್ಣ. ಇಷ್ಟು ವರ್ಷ ಕಣ್ಣು ಎಲ್ಲಿಟ್ಟಿದ್ದೆ?

ಎರಡು ಕಾದಂಬರಿ. ಎರಡೂ ಒಟ್ಟಿಗೆ ಬಿಚ್ಚಿಕೊಂಡು ಬಂದಿರಬೇಕು. ಅಪ್ಪನಿಗೆ ಅಂಕಿ ಬರುತ್ತದೆ, ಅಕ್ಷರ ಬರುವುದಿಲ್ಲ. ನಂಬರ್ ನೋಡಿ ಜೋಡಿಸಿದ್ದಾರೆ. ನಂಬರ್ ಸರಿಯಾಗಿಯೇ ಇದೆ.

ನನಗೆ ಅನುಮಾನ ಬರಲೇ ಇಲ್ಲವಲ್ಲ! ಹೇಗೆ ಬರಬೇಕು? ಅಮ್ಮ ತವರಿನಲ್ಲಿ ಚಿಕ್ಕಮಾರಮ್ಮ, ಗಂಡನ ಮನೆಯಲ್ಲಿ ಸರ್ವಮಂಗಳಮ್ಮ. ಮದುವೆಯಾದರೆ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ. ಅದರಲ್ಲಿ ಆಶ್ಚರ್ಯ ಏನು? ನನಗೆ ಹೆಸರು ಬದಲಾಯಿಸಿದ ದಿನವೂ, ಪದ್ಮಳಿಗೂ ಹೀಗೇ ಆಯಿತಲ್ಲ ಅಂದುಕೊಂಡು ಸುಮ್ಮನೆ ತಲೆಯಾಡಿಸಿದ್ದೆ.

ಪದ್ಮಳಿಗೆ ಹಾಗೆ ಆಗಿರಲೇ ಇಲ್ಲ.

೪-೮-೨೦೦೭, ಶನಿವಾರ

ಹೋದ ವಾರ ತುಮಕೂರಿಗೆ ಹೋಗಲಿಲ್ಲ. ಈ ವಾರ ಹೋಗಿ ಒಂದು ಸುಳ್ಳು ಹೊಡೆದು ಬಂದೆ — ‘ಕ್ಷಮಿಸಿ, ಚಿಕ್ಕಂದಿನಲ್ಲಿ ಓದಿದ್ದು, ನೆನಪು ತಪ್ಪಿತು.’ ನಿಜ ಬರೆದರೆ ಅಪ್ಪನ ಮಾನ ಏನಾಗಬೇಕು? ಕೈ ಹಿಡಿದ ಕಸುಬು, ಇಪ್ಪತ್ತಾರು ವರ್ಷ.

ಅಲ್ಲಿ ಕೂತಿದ್ದಾಗಲೇ ಉತ್ತರಗಳು ಬಂದವು. ‘ಓದದೆ ಬರೆಯುವವರು ಎಲ್ಲ ಕಡೆ ಇದ್ದಾರೆ.’ ‘ಮೇಡಂ ಸೀರಿಯಲ್‌ಗೆ ಕತೆ ಬರೆಯಬಹುದು.’ ಕಾಂತೇಶ್ ಮೇಷ್ಟರು ಮಾತ್ರ ಏನೂ ಬರೆದಿಲ್ಲ. ಅದೇ ಹೆಚ್ಚು ಉರಿಯಿತು. ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಮುಖ ನೋಡದ ಜನರಿಗಾಗಿ ಅಳುವುದೇ! ನನಗೇ ನಾಚಿಕೆ.

೧೨-೮-೨೦೦೭, ಭಾನುವಾರ. ಬೆಳಿಗ್ಗೆ ೧೧

ವಾರವಿಡೀ ನನ್ನ ಟ್ರಂಕಿನಲ್ಲಿರುವ, ಅಪ್ಪ ಕಟ್ಟಿದ ಪುಸ್ತಕಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೋಡುತ್ತಿದ್ದೆ. ಇನ್ನೊಂದು ಬೆರಕೆಯಾಗಿದೆಯೋ? ಎರಡೋ? ಲೈಬ್ರರಿಗೆ ವಾಪಸ್ ಹೋದವುಗಳ ಗತಿ? ಯಾವ ಕತೆ ಯಾವುದರದ್ದು... ತಲೆ ಕೆಟ್ಟು ಗೊಬ್ಬರ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. “ಯಾಕವ್ವ ಅಂಗೆ ಕೆದಕ್ತಾ ಇದೀಯ? ದಾರ ಬಿಟ್ಟೈತಾ?”

“ಇಲ್ಲ ಅಪ್ಪ.”

“ಕಂಪ್ಯೂಟ್ರು ಜನ ಏನಂದ್ರು? ನಾಕ್ ವಾರ ಆಯ್ತು, ಬಾಯೇ ಬಿಡ್ತಿಲ್ವಲ್ಲ.”

ಹೇಳಿಬಿಟ್ಟೆ. ಎಲ್ಲಾ. ಬಿಸಿ ತುಪ್ಪ ಉಗುಳಿದ ಹಾಗೆ. ಅಪ್ಪ ಪುಸ್ತಕ ಈಸಿಕೊಂಡರು. ೧೧೨, ೧೧೩ — ಬೆರಳಿಟ್ಟು ನೋಡಿದರು. ಹೊಲಿಗೆ ಎಳೆದು ನೋಡಿದರು.

“ನಂಬ್ರು ಸರಿಯಾಗೈತಲ್ಲವ್ವ?”

“ಐತಪ್ಪ. ಕತೆ ಬೇರೆ.”

ಅಪ್ಪ ಮತ್ತೆ ಪುಟ ತಿರುವಿದರು. ನಾನೇ, “ಹೋಗಲಿ ಬಿಡಪ್ಪ, ನನ್ನ ನೆನಪು ತಪ್ಪಿತು ಅಂತ ಅವರಿಗೆ ಬರೆದಿದೀನಿ, ನಿನ್ನ ಹೆಸರು ಎತ್ತಿಲ್ಲ” ಅಂದೆ. ಸಮಾಧಾನವಾಗಲಿ ಅಂತ.

ಅಪ್ಪ ತಲೆ ಎತ್ತಿದರು. ಕೋಪವಿರಲಿಲ್ಲ. ನಿಜವಾಗಿ ಗೊತ್ತಾಗದೆ ಕೇಳುವವರ ಮುಖ.

“ನಂಗೆ ಅಕ್ಸರ ಬರಾಕಿಲ್ಲ ಕಣವ್ವ. ನಿಂಗ್ ಬತ್ತಿತ್ತಲ್ಲ?”

ಪುಸ್ತಕ ನನ್ನ ಮಡಿಲಿಗಿಟ್ಟು ಹಿತ್ತಲಿಗೆ ಹೋದರು.

೧೮-೮-೨೦೦೭, ಶನಿವಾರ

ಬೆಳಿಗ್ಗೆ ಬ್ಲೌಸ್ ಎರಡು ಬಾಕಿ. ಮುಟ್ಟಿಲ್ಲ. ಸೈಬರ್‌ನಲ್ಲಿ ಕೂತರೆ ಗಂಟೆಗಿಷ್ಟು ಅಂತ ದುಡ್ಡು ಓಡುತ್ತದೆ, ಇಲ್ಲೇ ಬರೆದುಕೊಂಡು ಹೋಗಿ ನೋಡಿ ಹೊಡೆಯುತ್ತೇನೆ. ಆಮೇಲೆ ಗ್ರೂಪಿನಿಂದ ತೆಗೆದರೆ ತೆಗೆಯಲಿ. ಅಪ್ಪನನ್ನು ಕೇಳಿದೆ, ನಿನ್ನ ಹೆಸರು ಹಾಕಲಾ ಅಂತ. “ಆಕು. ಕಟ್ಟಿದ್ದು ನಾನೇ ಅಲ್ವಾ?” ಅಂದರು.

‘ಕಾಂತೇಶ್ ಅವರಿಗೆ, ಅಂಜನಮೂರ್ತಿಯವರಿಗೆ, ಎಲ್ಲರಿಗೂ ನಮಸ್ಕಾರ. ನೆನಪು ತಪ್ಪಿತು ಅಂತ ಬರೆದದ್ದು ಸುಳ್ಳು. ಓದದೆ ಬರೆದೆ ಅನ್ನುವುದೂ ಸುಳ್ಳು. ಎರಡು ಕಾದಂಬರಿ ಒಂದೇ ರಟ್ಟಿನೊಳಗೆ ಸೇರಿವೆ. ಕಟ್ಟಿದವರು ನನ್ನ ತಂದೆ ಗಂಗಹನುಮಯ್ಯ. ಅವರಿಗೆ ಓದಲು ಬರುವುದಿಲ್ಲ, ಅವರದು ತಪ್ಪಲ್ಲ. ನನಗೆ ಓದಲು ಬರುತ್ತದೆ. ಮದುವೆ ಬೇಡವೆಂದು ಅಷ್ಟು ಹಟ ಮಾಡಿದ ಹುಡುಗಿ ಪುಟ ತಿರುಗಿಸುವಷ್ಟರಲ್ಲಿ ಬೇರೆ ಹೆಸರಿನಲ್ಲಿ ಅಂಗಳ ಸಾರಿಸುತ್ತಿದ್ದಾಗ, ಇವಳು ಅವಳಲ್ಲ ಅಂತ ನನಗೆ ಒಂದು ಸಲವಾದರೂ ಅನ್ನಿಸಲಿಲ್ಲ.’