ಅಮ್ಮನಿಗೆಂದು ಮಾಡಿದ ಪೆಟ್ಟಿಗೆ

ಬುಧವಾರ, ತಾರೀಖು ೧೪
ಅಂಗಡಿಯ ಮೇಲಿನ ಕೋಣೆ

ಅಮ್ಮಾ,

ನೀನು ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ಕಾಗದದ ಮೊದಲ ಸಾಲಲ್ಲೇ ಹೀಗೆ ಬರೆಯಬಾರದು ಅಂತ ನೀನು ಅನ್ನುತ್ತೀಯ. ಏನು ಮಾಡಲಿ, ಪತ್ರ ಬರೆಯುವ ಪಾಠ ಬರುವ ಹೊತ್ತಿಗೆ ನಾನು ಶಾಲೆ ಬಿಟ್ಟಾಗಿತ್ತು.

ಒಂಬತ್ತು ದಿನದಿಂದ ನಾನು ಮನೆಗೆ ಯಾಕೆ ಬಂದಿಲ್ಲ ಅಂತ ನಮ್ಮ ಅಂಗಡಿಯ ಯಜಮಾನರನ್ನು ಎರಡು ಸಲ ಕೇಳಿದೆಯಂತೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಅವರು ಪಾಪ ತೇಲಿಸಿದರಂತೆ. ಕೆಲಸವೇನೂ ಜಾಸ್ತಿಯಿಲ್ಲ. ಇವತ್ತು ಬೆಳಿಗ್ಗೆಯಿಂದ ಎರಡು ಫೋನಿಗೆ ಗಾಜು, ಒಂದಕ್ಕೆ ಬ್ಯಾಟರಿ ಹಾಕಿದ್ದೇನೆ, ಅಷ್ಟೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತೀಯ, ನನಗೆ ಮಾತು ದಾರಿ ತಪ್ಪುತ್ತದೆ. ಅದೂ ಅಲ್ಲದೆ ನಿನ್ನ ಫೋನು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೋ ನನಗೀಗ ಗೊತ್ತಿಲ್ಲ. ಅದಕ್ಕೇ ಕಾಗದ.

ಭಾವ ಅಕ್ಕನನ್ನು ಹುಡುಕಿಬಿಟ್ಟ. ಇದು ನಿನಗೆ ಗೊತ್ತು. ಹೇಗೆ ಹುಡುಕಿದ ಅನ್ನುವುದು ಅರ್ಧ ಗೊತ್ತು. ಉಳಿದರ್ಧ ನಾನು ಹೇಳುತ್ತೇನೆ.

ಅಕ್ಕ ಅವನ ಮನೆ ಬಿಟ್ಟಾಗ ಬರಿಗೈಯಲ್ಲಿ ಹೋದಳು. ಅವಳ ಬ್ಯಾಂಕ್ ಖಾತೆಗೆ ನಾನು ಏನೇ ಹಾಕಿದರೂ ಸಂದೇಶ ಹೋಗುತ್ತಿದ್ದದ್ದು ಅವನ ಫೋನಿಗೆ. ಹೊಸ ಖಾತೆ ತೆರೆಯೋಣವೆಂದರೆ ಅವಳ ಕಾಗದಪತ್ರವೆಲ್ಲ ಅವನ ಬೀರುವಿನಲ್ಲಿತ್ತು. ಅದಕ್ಕೆ ನನ್ನ ಸಂಬಳದಲ್ಲಿ ಉಳಿದದ್ದನ್ನು ಕ್ರಿಪ್ಟೊ, ಅಂದರೆ ಬ್ಯಾಂಕಿಲ್ಲದೆ ಇಂಟರ್‌ನೆಟ್ಟಿನಲ್ಲೇ ಓಡಾಡುವ ದುಡ್ಡು, ಮಾಡಿ ಕಳಿಸುತ್ತಿದ್ದೆ. ಅದು ಹೇಗೆಂದು ನಿನಗೂ ಒಂದು ಸಂಜೆ ಒಲೆಯ ಪಕ್ಕ ಕೂತು ಬಿಡಿಸಿ ಹೇಳಿದ್ದೆ, ನೆನಪಿದೆಯಾ? ಇದರ ಲೆಕ್ಕದ ಪುಸ್ತಕ ಜಗತ್ತಿಗೆಲ್ಲ ತೆರೆದೇ ಇರುತ್ತದೆ. ದುಡ್ಡಿಡುವ ಯಾವ ಪೆಟ್ಟಿಗೆಯಿಂದ ಯಾವುದಕ್ಕೆ ಎಷ್ಟು ಹೋಯಿತು, ಎಷ್ಟು ಹೊತ್ತಿಗೆ ಹೋಯಿತು ಅಂತ ಯಾರು ಬೇಕಾದರೂ ನೋಡಬಹುದು. ಪೆಟ್ಟಿಗೆಗಳೆಲ್ಲ ಗಾಜಿನವು. ಇರುವ ಮರೆ ಒಂದೇ, ಅವುಗಳ ಮೇಲೆ ಹೆಸರಿರುವುದಿಲ್ಲ, ಉದ್ದನೆಯ ಅಕ್ಷರ, ಅಂಕಿಗಳ ವಿಳಾಸ ಮಾತ್ರ. ಆದ್ದರಿಂದ ಪ್ರತಿ ಸಲವೂ ಹೊಸ ಪೆಟ್ಟಿಗೆ. ಎರಡು ಪೆಟ್ಟಿಗೆಯ ದುಡ್ಡು ಬೆರೆಸಿ ಒಟ್ಟಿಗೆ ಖರ್ಚು ಮಾಡಬಾರದು, ಮಾಡಿದರೆ ಎರಡೂ ಒಬ್ಬರದ್ದೇ ಅಂತ ನೋಡುವವನಿಗೆ ತಿಳಿಯುತ್ತದೆ.

"ದುಡ್ಡನ್ನ ಗಾಜಿನ ಪೆಟ್ಟಿಗೇಲಿಟ್ಟು ಊರಿಗೆಲ್ಲ ತೋರಿಸ್ತೀಯ, ಆಮೇಲೆ ಗುಟ್ಟು ಅಂತೀಯ! ಓದು ಬಿಟ್ಟವಳ ಬುದ್ಧಿ ನೋಡು" ಅಂತ ನೀನು ನಕ್ಕೆ. ನನಗೂ ನಗು ಬಂತು.

ಅದಾದ ಮೇಲೆ ನೀನೇ ಕೇಳಿದ್ದು, ಹೆತ್ತ ಕರುಳು ಕಣೇ, ನನ್ನದೂ ಒಂದಿಷ್ಟು ಅವಳ ಕೈಗೆ ಬೀಳಲಿ ಅಂತ. ಅಕ್ಕ ನಿನಗೆಂದೇ ಬೇರೆ ಪೆಟ್ಟಿಗೆ ಮಾಡಿದಳು. ಅದರ ವಿಳಾಸದ ಕಪ್ಪುಬಿಳಿ ಚೌಕವನ್ನು ನಾನು ಅಂಗಡಿಯಲ್ಲಿ ಚೀಟಿಯ ಮೇಲೆ ಮುದ್ರಿಸಿ ನಿನ್ನ ಕೈಗಿತ್ತೆ. ಯಾರಿಗೂ ತೋರಿಸಬೇಡ ಅಂತ ಮೂರು ಸಲ ಹೇಳಿದೆ. "ನಾನೇನು ಡಂಗುರ ಸಾರ್ತೀನಾ? ಹೋಗೇ" ಅಂತ ನೀನು ಬೈದೆ.

ಒಂದು ಭಾನುವಾರ ಆ ಪೆಟ್ಟಿಗೆಗೆ ಚೂರು ದುಡ್ಡು ಬಂತು. ಒಂದು ಲೋಟ ಕಾಫಿಗೂ ಸಾಲದಷ್ಟು. ವಾರ ಕಳೆದು ಅದನ್ನು ನೋಡಿದ ಅಕ್ಕ ನನಗೆ ಫೋನ್ ಮಾಡಿ ಗೊಳೋ ಅಂತ ಅತ್ತಳು. "ಅಮ್ಮ ಕಳಿಸಿದಾಳೆ ಕಣೇ. ಅವಳ ಹತ್ರ ಇದ್ದಿದ್ದೇ ಅಷ್ಟೇನೋ" ಅಂದಳು. ನಿನ್ನನ್ನು ಕೇಳಿದೆ. ನೀನು ಬಟ್ಟೆ ಮಡಚುತ್ತಿದ್ದೆ. ತಲೆಯೆತ್ತದೆ, ಹೂಂ, ನಾನೇ ಅಂದುಬಿಟ್ಟೆ. ಅಮ್ಮ ಯಾರ ಸಹಾಯವೂ ಇಲ್ಲದೆ ಕಲಿತುಬಿಟ್ಟಳಲ್ಲ ಅಂತ ನನಗೆ ಹೆಮ್ಮೆಯಾಗಿತ್ತು. ಯಜಮಾನರ ಮುಂದೆ ಕೊಚ್ಚಿಕೊಂಡೂ ಬಂದೆ.

ಎರಡು ತಿಂಗಳು ಅಕ್ಕ ಅದನ್ನು ಮುಟ್ಟಲಿಲ್ಲ. ಹೋದ ತಿಂಗಳು ಬಾಡಿಗೆ ಕೋಣೆಗೆ ಮುಂಗಡ ಕೊಡಬೇಕಾಯಿತು. ಒಂದೊಂದೇ ಪೆಟ್ಟಿಗೆಯನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕಡೆ ನಗದು ಮಾಡಿಸು ಅಂತ ನಾನು ಹೇಳಿದ್ದೆ. ಅವಳು ಎಲ್ಲವನ್ನೂ ಒಟ್ಟು ಸೇರಿಸಿದಳು. ನಿನ್ನ ಚೂರನ್ನೂ. ಅದಿಲ್ಲದಿದ್ದರೆ ಕಡಿಮೆಯೇನೂ ಬೀಳುತ್ತಿರಲಿಲ್ಲ. ಆದರೆ ತನ್ನದೇ ಅಂತ ಬೀಗ ಹಾಕಿಕೊಳ್ಳುವ ಮೊದಲ ಕೋಣೆ, ಅಮ್ಮನದೂ ಸೇರಿದರೆ ಒಳ್ಳೆಯದಾಗುತ್ತದೆ ಅಂದುಕೊಂಡಳಂತೆ. ಹಾಗೆ ಸೇರಿಸಿ, ನಗದು ಕೊಡುವ ಅಂಗಡಿಯೊಂದಕ್ಕೆ ಕಳಿಸಿದಳು. ಆ ಅಂಗಡಿಯವರು ತಮ್ಮ ಪೆಟ್ಟಿಗೆಯ ವಿಳಾಸವನ್ನು ಬಾಗಿಲಿಗೂ ಅಂಟಿಸಿದ್ದಾರೆ, ಇಂಟರ್‌ನೆಟ್ಟಿಗೂ ಹಾಕಿದ್ದಾರೆ.

ಅಮ್ಮಾ, ಆ ಚೂರು ಭಾವನದು. ಹಕ್ಕಿಯ ಕಾಲಿಗೆ ದಾರ ಕಟ್ಟಿ ಬಿಟ್ಟ ಹಾಗೆ ಬಿಟ್ಟಿದ್ದ. ಎರಡು ತಿಂಗಳು ಕಾದ. ದಾರ ಅಲುಗಿದ ದಿನ ಅದರ ತುದಿಯಲ್ಲಿ ಯಾವ ಊರು, ಯಾವ ಬೀದಿ, ಯಾವ ಅಂಗಡಿ ಅಂತ ಅವನಿಗೆ ಕಂಡಿತು. ಎದುರಿಗಿದ್ದ ಬೆಂಚಿನ ಮೇಲೆ ನಾಲ್ಕು ದಿನ ಕೂತಿದ್ದನಂತೆ. ಅಕ್ಕ ಕೆಲಸಕ್ಕೆ ಹೋಗುತ್ತಿದ್ದದ್ದು ಅದೇ ಬೀದಿಗೆ.

ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಜಾಗ ಅದು. ಅವನು ಬಾಗಿಲಲ್ಲಿ ನಿಂತು, ನಾಟಕ ಸಾಕು, ನಡಿ ಮನೆಗೆ ಅಂತ ಎಲ್ಲರೆದುರು ಕೂಗಿದನಂತೆ. ಅಲ್ಲಿ ಕೆಲಸ ನೋಡಿಕೊಳ್ಳುವ ಹೆಂಗಸು ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಅಡ್ಡ ಬಂದು, "ಯಾರಯ್ಯ ನೀನು? ಮಡಿಕೆ ಮಡಿಕೆಯಾಗಿ ನಿಂತಿದೀಯಲ್ಲ, ನಿನಗೂ ಒಂದು ಸಲ ಎಳೀಲಾ?" ಅಂದಳಂತೆ. ಅಷ್ಟರಲ್ಲಿ ಅಕ್ಕ ಹಿಂದಿನ ಬಾಗಿಲಿಂದ ಓಡಿದ್ದಳು. ಮುಂಗಡ ಕೊಟ್ಟ ಕೋಣೆಯಲ್ಲಿ ಅವಳು ಮಲಗಿದ್ದು ಹನ್ನೆರಡೇ ರಾತ್ರಿ.

ನಾನು ಮೊದಲು ನನ್ನ ತಪ್ಪನ್ನೇ ಹುಡುಕಿದೆ. ಮೂರು ದಿನ ಆ ತೆರೆದ ಪುಸ್ತಕದಲ್ಲಿ ನಾನು ಕಳಿಸಿದ್ದನ್ನೆಲ್ಲ ಒಂದೊಂದಾಗಿ ತಿರುವಿಹಾಕಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ನಿನ್ನ ಚೂರು ಬಂದ ಹೊತ್ತು ನೋಡಿದೆ. ಭಾನುವಾರ, ಬೆಳಿಗ್ಗೆ ಹತ್ತು ಐವತ್ತು. ಆ ಶನಿವಾರ ನಿನ್ನ ಫೋನು ಬಚ್ಚಲಲ್ಲಿ ಬಿದ್ದು ಒಡೆದಿತ್ತು. ಭಾನುವಾರ ಆ ಹೊತ್ತಿನಲ್ಲಿ ಅದು ನನ್ನ ಮೇಜಿನ ಮೇಲೆ ಪರದೆ ಒಂದು ಕಡೆ, ಬ್ಯಾಟರಿ ಒಂದು ಕಡೆ ಆಗಿ ಬಿದ್ದಿತ್ತು. ಜೋಡಿಸಿ ಕೊಟ್ಟದ್ದು ಸೋಮವಾರ ಸಂಜೆ. ಆವತ್ತು ನೀನು ನನಗೆ ಬಿಸ್ಕತ್ತು ಕೊಟ್ಟೆ. ಭಾವ ನಿನ್ನೆ ಬಂದಿದ್ದ, ಅವನೇ ತಂದದ್ದು, ಪಾಪ ಎಷ್ಟು ಇಳಿದುಹೋಗಿದಾನೆ ಅಂದೆ ನೀನು. ನಾನು ಆ ಬಿಸ್ಕತ್ತು ತಿಂದೆ, ಅಮ್ಮಾ. ನಾಲ್ಕು ತಿಂದೆ.

ಆ ಚೀಟಿ ಅವನಿಗೆ ಯಾಕೆ ಕೊಟ್ಟೆ ಅಂತ ಕೇಳುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೀಯ. ಅವರು ಎರಡು ವರ್ಷ ಉಂಡರು, ಮಲಗಿದರು, ಆದರೂ ಅವಳ ಮಣಿಕಟ್ಟು ಮುರಿಯಿತು. ಆಗ ನೀನು ಅಕ್ಕಪಕ್ಕದವರಿಗೆ ಜಾರಿ ಬಿದ್ದಳು ಅಂತ ಹೇಳಿದೆ. ಅವನು ನಿನ್ನ ಮುಂದೆ ಕೂತು ಅತ್ತಿರಬೇಕು. ಗಂಡಸು ಅತ್ತರೆ ನಿನಗೆ ತಡೆಯುವುದಿಲ್ಲ. ಅವಳು ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಅತ್ತಾಗ ಹೇಗೆ ತಡೆದುಕೊಂಡೆ?

ನೀನು ಅವನಿಗೆ ಕೊಟ್ಟದ್ದು ಊರಿನ ಹೆಸರಲ್ಲ, ಬೀದಿಯ ಹೆಸರಲ್ಲ, ಒಂದು ಚೀಟಿ. ಬರೀ ಚೀಟಿಯಿಂದ ಏನಾಗುತ್ತದೆ ಅಂದುಕೊಂಡಿರಬಹುದು. ಅಷ್ಟನ್ನು ನಂಬುತ್ತೇನೆ. ಆದರೆ ಆ ಗಾಜಿನ ಪೆಟ್ಟಿಗೆಗೆ ಇದ್ದದ್ದು ಹೆಸರಿಲ್ಲದ ಮರೆಯೊಂದೇ ಅಂತ ನಿನಗೆ ಗೊತ್ತಿತ್ತು. ಹೆಸರು ಹೇಳಿದವಳು ನೀನು. ಆಮೇಲೆ ನನ್ನೆದುರು "ಹೂಂ, ನಾನೇ" ಅಂದೆಯಲ್ಲ, ಅದನ್ನು ಎಲ್ಲಿಡಲಿ ಅಂತ ನನಗೆ ತಿಳಿಯುತ್ತಿಲ್ಲ.

ನನ್ನ ಪಾಲಿನದನ್ನೂ ಬರೆಯುತ್ತೇನೆ. ಕೇಳದೆ ಬಂದ ಚೂರನ್ನು ಬೀಗ ಹಾಕಿ ಬದಿಗಿಡುವ ದಾರಿ ಅಕ್ಕನ ಫೋನಿನಲ್ಲೇ ಇತ್ತು. ಬೆನ್ನು ಹತ್ತುವುದಕ್ಕೆಂದೇ ಹೀಗೆ ಎಸೆಯುವವರಿದ್ದಾರೆ ಅಂತ ಯಜಮಾನರು ನನಗೆ ಹೇಳಿಕೊಟ್ಟಿದ್ದರು. ನಾನು ಅಕ್ಕನಿಗೆ ಹೇಳಲಿಲ್ಲ. ಅಮ್ಮನ ಪೆಟ್ಟಿಗೆಗೆ ಬೀಗ ಬೇಕಾಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಅಕ್ಕ ಈಗ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಮುಚ್ಚಿಡುತ್ತಿಲ್ಲ, ನಿಜವಾಗಿ ಗೊತ್ತಿಲ್ಲ. ನಾನು ಮನೆಗೆ ಯಾವಾಗ ಬರುತ್ತೇನೆ ಅನ್ನುವುದೂ ಗೊತ್ತಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ನಿನ್ನ ಮೇಲೆ ಸಿಟ್ಟಿದೆ, ಆದರೂ ತಗೋ.

ಇಂತಿ,
ನೀನೇ ಹೆಸರಿಟ್ಟ
ಬಾಯಿಬಡುಕಿ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಓಡಿಹೋದ ದಿನ ಕರೆ ಮಾಡಿದ್ದ ಅಕ್ಕ ಮೊನ್ನೆ ದಾರಿಯಲ್ಲಿ ಸಿಕ್ಕ ಯಾರದೋ ಫೋನಿನಿಂದ ಮತ್ತೆ ಕರೆ ಮಾಡಿ, ಹೇಗೆ ಗೊತ್ತಾಯಿತು, ಯಾರು ಹೇಳಿದರು ಅಂತ ಕೇಳಿದಳು. ನನ್ನಿಂದಲೇ ತಪ್ಪಾಯಿತು, ಹಳೆಯ ವಿಳಾಸಕ್ಕೆ ಎರಡು ಸಲ ಕಳಿಸಿಬಿಟ್ಟಿದ್ದೆ ಅಂದೆ. ನಾನು ಹೇಳಿದ ಸುಳ್ಳು ಅದೊಂದೇ. ನಿಜ ಹೇಳಿದರೆ ಅವಳಿಗೆ ತಾಯಿಯೂ ಇಲ್ಲದ ಹಾಗಾಗುತ್ತದಲ್ಲ ಅನ್ನಿಸಿತು. ಅವಳು ನಂಬಿದಳು. ನನ್ನನ್ನು ಇನ್ನು ನಂಬುವುದಿಲ್ಲ ಅಂದಳು. ಇನ್ನು ಮೇಲೆ ಇರುವ ಜಾಗ ಅಮ್ಮನಿಗೆ ಮಾತ್ರ ಹೇಳುತ್ತೇನೆ, ಭಾನುವಾರ ಅವಳಿಗೇ ಫೋನ್ ಮಾಡುತ್ತೇನೆ ಅಂತ ಕರೆ ಕತ್ತರಿಸಿದಳು. ಹಳೆಯ ನಂಬರು ಸತ್ತಿದೆ. ಅವಳಿಗೆ ನಿಜ ಹೇಳಲು ನನ್ನ ಹತ್ತಿರ ಈಗ ಯಾವ ದಾರಿಯೂ ಇಲ್ಲ. ಭಾನುವಾರ ಯಾರು ಬಂದಿದ್ದರೂ ಫೋನು ಹಿಡಿದು ಎದ್ದು ಹೊರಗೆ ಹೋಗು. ಅವಳು ಜಾಗದ ಹೆಸರು ಹೇಳುವುದಕ್ಕೆ ಮುಂಚೆ, "ಅವನಿಗೆ ಚೀಟಿ ಕೊಟ್ಟವಳು ನಾನು, ನನಗೆ ಹೇಳಬೇಡ" ಅಂತ ನೀನೇ ಹೇಳಬೇಕು.