ಮೆಟ್ಟಿಲು ಹತ್ತಿದ್ದಕ್ಕಲ್ಲ, ಅಕ್ಕಾ

ಅಕ್ಕಾ,

ಈ ಊರಲ್ಲಿ ಇನ್ನೂ ಯಾರ ಪರಿಚಯವೂ ಆಗಿಲ್ಲ. ಸಂಜೆ ಹೊತ್ತು ಹೋಗದೆ ಯೂನಿವರ್ಸಿಟಿಯ ಉಪನ್ಯಾಸಗಳಿಗೆ ಹೋಗಿ ಕೂರುತ್ತೇನೆ. ನಿನ್ನೆ ಮಕ್ಕಳ ಹೃದಯದ ಡಾಕ್ಟರಮ್ಮ ಬಂದಿದ್ದರು. ಹುಟ್ಟುವಾಗಲೇ ತೂತಿದ್ದ ಒಂದು ಪುಟ್ಟ ಹೃದಯವನ್ನು ಪರದೆಯ ಮೇಲೆ ತೋರಿಸಿದರು. ತೀರಿಹೋದ ನಿನ್ನ ಪಾಪುವಿನದೂ ಹೀಗೇ ಇತ್ತಲ್ಲಾ ಅನ್ನಿಸಿತು. ಎದ್ದು ನಿಂತು, "ಬಸುರಿಯಾಗಿದ್ದಾಗ ಮೆಟ್ಟಿಲು ಹತ್ತಿಳಿದರೆ ಹೀಗಾಗುತ್ತಾ, ಮೇಡಂ?" ಅಂತ ಕೇಳೇಬಿಟ್ಟೆ. ಹಿಂದೆ ಕೂತವರು ಕಿಸಕ್ಕನೆ ನಕ್ಕರು.

ಡಾಕ್ಟರಮ್ಮ ನಗಲಿಲ್ಲ. "ಖಂಡಿತ ಇಲ್ಲಮ್ಮ. ಯಾರು ಹಾಗಂದರು?" ಅಂದರು. "ನಮ್ಮಕ್ಕನಿಗೆ ಅವಳ ಅತ್ತೆ" ಅನ್ನುವಷ್ಟರಲ್ಲಿ ಅಳು ಬಂತು.

ನನ್ನ ಜ್ವರ ಬಿಟ್ಟಿದೆ. ನೀನು ಹೊತ್ತು ಹೊತ್ತಿಗೆ ಊಟ ಮಾಡು. ಇದನ್ನು ಬೇಕಂತಲೇ ಪೋಸ್ಟ್ ಕಾರ್ಡಿನಲ್ಲಿ ಬರೆದಿದ್ದೇನೆ, ನಿನ್ನ ಕೈ ಸೇರುವ ಮೊದಲು ನಿಮ್ಮತ್ತೆಯೂ ಓದಲಿ ಅಂತ.

ನಿನ್ನ ತಂಗಿ