ಖೇಮಾ ಹುಟ್ಟಿದ್ದು ಜೂನ್ ಒಂದಕ್ಕೇ

ಜನನ ನೋಂದಣಿಯನ್ನೂ ಶಾಲಾ ಪ್ರವೇಶವನ್ನೂ ಒಂದೇ ಡೇಟಾಬೇಸಿನಲ್ಲಿ ಪೋಣಿಸಿರುವ ಮಾನ್ಯ ಅಧಿಕಾರಿಗಳೇ,

ನನ್ನ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಆರು ತುಂಬಿದೆ, ಇನ್ನೊಬ್ಬಳಿಗೆ ತುಂಬಿಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಹೆತ್ತವಳಿಗೇ ಗೊತ್ತಿರದ ಈ ಸಂಗತಿಯನ್ನು ತಿಳಿಸಿದ್ದಕ್ಕೆ ಮೊದಲು ವಂದನೆ.

ಆರು ವರ್ಷದ ಹಿಂದೆ, ಜೂನ್ ಒಂದರ ಸಂಜೆ, ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಆರು ಇಪ್ಪತ್ತಕ್ಕೆ ಉತ್ಪಲಾ ಹುಟ್ಟಿದಳು, ಆರು ನಲವತ್ತಕ್ಕೆ ಖೇಮಾ. ನಾನು ಬಸ್ ಕಂಡಕ್ಟರ್, ನಿಮಿಷ ತಪ್ಪುವವಳಲ್ಲ. ತಾವೇ ಕೊಟ್ಟ ಜನನ ಪ್ರಮಾಣಪತ್ರಗಳೂ ಹಾಗೆಯೇ ಹೇಳುತ್ತವೆ. ಆದರೆ ಈ ವರ್ಷ ಮಸ್ಕಿಯ ಶಾಲೆಯಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಲು ಹೋದಾಗ ಮುಖ್ಯೋಪಾಧ್ಯಾಯಿನಿ ದುರ್ಗಾದೇವಿಯವರ ಕಂಪ್ಯೂಟರ್ ಉತ್ಪಲಾಳನ್ನು ಒಪ್ಪಿತು. ಖೇಮಾ ಹುಟ್ಟಿದ್ದು ಜೂನ್ ಎರಡಕ್ಕೆ, ಜೂನ್ ಒಂದಕ್ಕೆ ಆರು ತುಂಬಿರಬೇಕೆಂಬ ನಿಯಮಕ್ಕೆ ವಯಸ್ಸು ಒಂದು ದಿನ ಕಡಿಮೆ, ಮುಂದಿನ ವರ್ಷ ಬನ್ನಿ ಎಂದಿತು.

"ನಾ ಏನ್ ಮಾಡ್ಲವಾ ಸಂಘಮಿತ್ರಾ, ಎಷ್ಟ್ ಒತ್ತಿದ್ರೂ ಇದು ತಗೊಳವಲ್ದು," ಎಂದರು ದುರ್ಗಾದೇವಿ.

ಪಕ್ಕದಲ್ಲಿ ನಿಂತಿದ್ದ ಖೇಮಾ ನನ್ನ ಸೆರಗು ಜಗ್ಗಿದಳು. "ಅವ್ವಾ, ಅಕ್ಕ ಹುಟ್ಟಿದ್ ದಿನ ನಾ ಎಲ್ಲಿದ್ದೆ?"

ಉತ್ತರ ತಮ್ಮ ಬಳಿ ಇದೆಯೇ, ಮಾನ್ಯರೇ?

ಕೇಳೋಣವೆಂದು ರಜೆ ಹಾಕಿ ಸಿಂಧನೂರಿನ ತಮ್ಮ ಕಚೇರಿಗೆ ಬಂದೆ. ತಾವು ಸಿಗಲಿಲ್ಲ, ಕಂಪ್ಯೂಟರ್ ನೋಡಿಕೊಳ್ಳುವ ಹುಸೇನ್‌ಸಾಬ್ ಸಿಕ್ಕರು. ಜನನದ ದಾಖಲೆಯನ್ನೂ ಶಾಲೆಯ ದಾಖಲೆಯನ್ನೂ ಅಕ್ಕಪಕ್ಕ ತೆರೆದು ನೋಡಿ ಅವರು ನಕ್ಕೇಬಿಟ್ಟರು.

"ಅಕ್ಕಾರ, ದವಾಖಾನಿಯವ್ರು ನಮ್ಮ ದೇಶದ ಟೈಮೇ ಬರ್ದಾರ. ಸಾಲಿ ಕಡೆ ಕಂಪ್ಯೂಟರ್ ಅದನ್ನ ಇಂಗ್ಲೆಂಡಿನ ಟೈಮ್ ಅಂತ ತಿಳ್ಕೊಂಡು ಮ್ಯಾಲೆ ಐದೂವರಿ ತಾಸು ಕೂಡಿಸೈತ್ರೀ. ದೊಡ್ಡಾಕಿ ರಾತ್ರಿ ಹನ್ನೆರಡಕ್ಕ ಹತ್ತು ನಿಮಿಷ ಮೊದ್ಲ ಬಂದಾಳ, ಸಣ್ಣಾಕಿ ಹತ್ತು ನಿಮಿಷ ದಾಟಿ ಬಂದಾಳ!"

"ಹಂಗಾರ ತಿದ್ರಿ ಅಣ್ಣಾ."

"ನನಗ ನೋಡಾಕ ಅಷ್ಟೇ ಕೊಟ್ಟಾರ್ರೀ, ತಿದ್ದಾಕ ಕೊಟ್ಟಿಲ್ಲ."

ಒಂದೇ ಡೇಟಾಬೇಸಿನಲ್ಲಿ ಒಂದು ಕೋಷ್ಟಕ ಭಾರತದಲ್ಲಿ, ಇನ್ನೊಂದು ಇಂಗ್ಲೆಂಡಿನಲ್ಲಿ ಸಂಸಾರ ಹೂಡಬಹುದೇ? ನಾನು ಲಿಂಗಸುಗೂರು ಬಸ್ಸನ್ನು ಐದೂವರೆ ತಾಸು ತಡವಾಗಿ ಬಿಟ್ಟು, "ನಮ್ಮ ಗಡಿಯಾರ ಪರದೇಶದ್ದು" ಎಂದರೆ ತಾವು ಸುಮ್ಮನೆ ಕಾಯುತ್ತೀರಾ?

ದುರ್ಗಾದೇವಿಯವರು ದೊಡ್ಡ ಮನಸ್ಸು ಮಾಡಿ ಖೇಮಾಳನ್ನೂ ತರಗತಿಯಲ್ಲಿ ಕೂರಿಸಿಕೊಂಡಿದ್ದಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರಿಲ್ಲ. ಉತ್ಪಲಾಳ ಹೆಸರು ಕೂಗಿದರೆ ಇಬ್ಬರೂ ಎದ್ದು "ಹಾಜರ್ರೀ!" ಎನ್ನುತ್ತಾರೆ. ಇಡೀ ತರಗತಿ ನಗುತ್ತದೆ. ಖೇಮಾ ನಗುವುದಿಲ್ಲ.

ಈ ತಿಂಗಳ ಕೊನೆಗೆ ಪ್ರವೇಶ ಮುಗಿಯುತ್ತದೆ. ಅಷ್ಟರೊಳಗೆ ಆ ಐದೂವರೆ ತಾಸನ್ನು ಕಳೆಯಿರಿ. ಸಂಜೆ ಆರೂವರೆಯ ಮೇಲೆ ಹುಟ್ಟಿದ ಉಳಿದ ಮಕ್ಕಳನ್ನೂ ಹುಡುಕಿ ತಿದ್ದಿರಿ. ತಿದ್ದಿದ ಮರುದಿನ ಮಸ್ಕಿಗೆ ಬಂದು ತಾವೇ ಅವಳ ಹೆಸರು ಕೂಗಿ. ಅವಳು ಎಷ್ಟು ಜೋರಾಗಿ ಓಗೊಡುತ್ತಾಳೆಂದು ತಾವು ಕೇಳಲೇಬೇಕು.

ಇಂತಿ,
ತಮ್ಮ ದಾಖಲೆಯ ಪ್ರಕಾರ ಎರಡು ದಿನ ಹೆತ್ತ ತಾಯಿ,
ಸಂಘಮಿತ್ರಾ, ಮಸ್ಕಿ